ನಾಲ್ಕೂವರೆ ವರ್ಷ ಬಳಸಿದ ಮೇಲೆ ನಮ್ಮ ಅಡುಗೆಮನೆ

ನಮ್ಮ ಮನೆಯ ಗೃಹಪ್ರವೇಶ 2021ರ ಫೆಬ್ರುವರಿಯಲ್ಲಿ ಆಯಿತು. ಗ್ಯಾಸ್ ಹಾಬ್ ಕೆಡುವುದಕ್ಕೂ ಅವತ್ತೇ ಮುಹೂರ್ತ ಇತ್ತು. ಹಾಲು ಉಕ್ಕಿಸಬೇಕಲ್ಲ, ಉಕ್ಕಿಸಿದೆವು. ಪೂರ್ವಕ್ಕೇ ಉಕ್ಕಿತು, ಎಲ್ಲರಿಗೂ ಖುಷಿ. ಆ ಹಾಲು ಗಾಜಿನ ಮೇಲೆ ಹರಿದು, ಬರ್ನರ್ ಸುತ್ತಲಿನ ಸಂದಿಯಲ್ಲಿ ಇಳಿದುಹೋಯಿತು. ಹಳೇ ಸ್ಟೌ ಆಗಿದ್ದರೆ ಎತ್ತಿ, ಕೆಳಗೆ ಬಟ್ಟೆ ಹಾಕಿ ಒರೆಸಿ ಮುಗಿಸುತ್ತಿದ್ದೆ. ಇದು ಗ್ರಾನೈಟ್ ಕೊರೆದು ಒಳಗೆ ಕೂರಿಸಿದ ಒಲೆ. ಮೂರನೇ ದಿನಕ್ಕೆ ಎಡಗಡೆ ಬರ್ನರ್ ಟಿಕ್ ಟಿಕ್ ಅನ್ನುತ್ತಿತ್ತೇ ಹೊರತು ಹತ್ತುತ್ತಿರಲಿಲ್ಲ. ಮೆಕ್ಯಾನಿಕ್ ಬಂದು ಬಿಚ್ಚಿದಾಗ ಒಡೆದ ಹಾಲಿನ ವಾಸನೆ ಹಾಲ್‌ವರೆಗೂ ಬಂತು.

ಮನೆ ತುಮಕೂರಿನ ಹೊರಗೆ, 30x40 ಸೈಟು. ಬೋರ್ ನೀರು. ಐದು ಜನ. ದಿನಕ್ಕೆ ಒಂದು ಹೊತ್ತು ಮುದ್ದೆ, ನಮ್ಮ ಕಡೆ ಅದಕ್ಕೆ ಹಿಟ್ಟು ಅಂತಲೇ ಅನ್ನುವುದು. ವಾರಕ್ಕೆ ಎರಡು ಸಲ ದೋಸೆಗೋ ಇಡ್ಲಿಗೋ ರುಬ್ಬುವುದು. ಮರದ ಕೆಲಸ, ಕಲ್ಲು, ಮೆಷಿನ್‌ಗಳು ಎಲ್ಲ ಸೇರಿ ಅಡುಗೆಮನೆಗೆ 4 ಲಕ್ಷದ 10 ಸಾವಿರ ಆಯಿತು. ಶೋರೂಮಿನ ಹುಡುಗ ತುಂಬ ಪ್ರಶ್ನೆ ಕೇಳಿದ. ಎಲ್ ಶೇಪಾ ಯು ಶೇಪಾ, ಹೊಳೆಯೋದಾ ಮ್ಯಾಟಾ, ಹಿಡಿ ಬೇಕಾ ಬೇಡವಾ. ದಿನಾ ಏನು ಅಡುಗೆ ಮಾಡ್ತೀರಿ ಅಂತ ಮಾತ್ರ ಕೇಳಲಿಲ್ಲ. ಹೇಳಬೇಕು ಅಂತ ನಮಗೂ ಹೊಳೆಯಲಿಲ್ಲ.

ಕಟ್ಟೆಯ ಎತ್ತರ 34 ಇಂಚು ಇಟ್ಟರು. ನಿಂತು ಮೊಣಕೈ ಮಡಿಚಿದಾಗ ಅದರಿಂದ ನಾಲ್ಕೈದು ಇಂಚು ಕೆಳಗೆ ಕಟ್ಟೆ ಬಂದರೆ ಸರಿ ಅನ್ನುವುದು ಅವರ ಲೆಕ್ಕ. ನಾನು ಐದಡಿ ನಾಲ್ಕಿಂಚು. ತರಕಾರಿ ಹೆಚ್ಚಲು ನನಗೆ ಅದು ಚೆನ್ನಾಗಿಯೇ ಇದೆ, ಸೊಂಟ ನೋವಿಲ್ಲ. ಆದರೆ ನಮ್ಮತ್ತೆ ಐದಡಿಗೂ ಒಂದಿಂಚು ಕಮ್ಮಿ. ಹಿಟ್ಟು ತೊಳಸುವವರು ಅವರು.

ಹಿಟ್ಟು ತೊಳಸೋದು ಅಂದರೆ ಸೌಟು ಆಡಿಸಿದ ಹಾಗಲ್ಲ. ಕೋಲನ್ನು ಪಾತ್ರೆಯ ಅಂಚಿಗೆ ಒತ್ತಿ, ಮೈಭಾರ ಬಿಟ್ಟು ತಿರುವಬೇಕು. ಇಲ್ಲದಿದ್ದರೆ ಗಂಟು ಉಳಿಯುತ್ತೆ. 34 ಇಂಚು ಕಟ್ಟೆ, ಅದರ ಮೇಲೆ ಹಾಬಿನ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಎಂಟಿಂಚಿನ ಪಾತ್ರೆ. ಕೋಲಿನ ತುದಿ ಅತ್ತೆಯ ಮೂಗಿನ ಮಟ್ಟಕ್ಕೆ ಬರುತ್ತಿತ್ತು. ಮೈಭಾರ ಬಿಡೋದಿರಲಿ, ಕೈಯೆತ್ತಿ ತಿರುವಿ ತಿರುವಿ ಹೆಗಲು ಬಿದ್ದುಹೋಗುತ್ತಿತ್ತು. ಪಾತ್ರೆ ಬೇರೆ ಸ್ಟ್ಯಾಂಡಿನ ಮೇಲೆ ಜಾರುತ್ತೆ. ಕೆಳಗೆ ಗಾಜು. "ಒಡೆದ್ರೆ ಎಂಟು ಸಾವಿರ ಅಂತ ನೀನೇ ಹೇಳಿದ್ಯಲ್ಲಮ್ಮ, ನಾನು ಹೆಂಗೆ ಒತ್ತಲಿ?" ಅಂದರು. ಸ್ವಲ್ಪ ದಿನ ಪಾತ್ರೆ ಇಳಿಸಿ, ನೆಲದಲ್ಲಿ ಸಿಂಬೆ ಮೇಲಿಟ್ಟುಕೊಂಡು ತೊಳಸಿದರು. ಎರಡನೇ ತಿಂಗಳು ಅಟ್ಟದಿಂದ ಹಳೇ ಎರಡು ಬರ್ನರ್ ಸ್ಟೌ ಕೆಳಗಿಳಿಯಿತು. ಯುಟಿಲಿಟಿಯಲ್ಲಿ ಗ್ರೈಂಡರ್ ಇಡಲು ಅಂತ 28 ಇಂಚು ಎತ್ತರದ ಒಂದು ಕಲ್ಲು ಹಾಕಿಸಿದ್ದೆವು. ಅದರ ಮೇಲೆ ಕೂತಿತು. ಅವತ್ತಿನಿಂದ ಇವತ್ತಿನವರೆಗೆ ಹಿಟ್ಟು ಅಲ್ಲೇ. ನಾಲ್ಕು ಲಕ್ಷದ ಅಡುಗೆಮನೆಯಲ್ಲಿ ದಿನದ ಮುಖ್ಯ ಅಡುಗೆ ನಡೆಯುವುದು 900 ರೂಪಾಯಿ ಕೂಲಿ ಕೊಟ್ಟು ಹಾಕಿಸಿದ ಕಲ್ಲಿನ ಮೇಲೆ!

ಹಾಬ್ ಪೂರ್ತಿ ದಂಡ ಅಂತ ಹೇಳಲಾರೆ. ಗಾಜು ಒರೆಸುವುದು ಸುಲಭ. ಗಾಳಿಗೋ ಉಕ್ಕಿದ ಹಾಲಿಗೋ ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುವ ವ್ಯವಸ್ಥೆ ನಮ್ಮದರಲ್ಲಿದೆ. ಅದಕ್ಕೆ ಪೂರ್ತಿ ಅಂಕ. ಹಚ್ಚುವಾಗ ಮೂರ್ನಾಲ್ಕು ಸೆಕೆಂಡ್ ನಾಬ್ ಒತ್ತಿ ಹಿಡಿಯಬೇಕು, ಅಷ್ಟೇ. ಗ್ಯಾಸ್ ವಿಷಯದಲ್ಲಿ ಬೇಜಾರಿದೆ. ಹಳೇ ಸ್ಟೌ ಇದ್ದಾಗ 14.2 ಕೆಜಿ ಸಿಲಿಂಡರ್ ನಮಗೆ 40 ದಿನ ದಾಟುತ್ತಿತ್ತು. ಹಾಬ್ ಒಂದನ್ನೇ ಬಳಸುತ್ತಿದ್ದ ಶುರುವಿನಲ್ಲಿ 35 ದಿನಕ್ಕೇ ಮುಗಿಯಿತು. ಮೇಜಿನ ಮೇಲಿಡುವ ಎಲ್‌ಪಿಜಿ ಸ್ಟೌಗೆ ಐಎಸ್ 4246 ಅನ್ನುವ ಭಾರತೀಯ ಮಾನಕದ ಮುದ್ರೆ ಸಿಗಬೇಕಾದರೆ ಕನಿಷ್ಠ 68% ಶಾಖ ಪಾತ್ರೆಗೆ ತಲುಪಬೇಕು. ಹಾಬ್ ಕೊಳ್ಳುವಾಗ ಈ ಅಂಕಿ ಎಷ್ಟು ಅಂತ ನಾನು ಕೇಳಲೇ ಇಲ್ಲ. ಎಷ್ಟು ಬರ್ನರ್, ಯಾವ ದೇಶದ ಗಾಜು ಅಂತ ಕೇಳಿ ಬಂದೆ.

ಚಿಮಣಿ ಬಗ್ಗೆ ಹೇಳಬೇಕಾದದ್ದು ಒಂದೇ: ಚಿಮಣಿಗಿಂತ ಅದರ ಪೈಪ್ ಮುಖ್ಯ. ಡಬ್ಬದ ಮೇಲೆ ಗಂಟೆಗೆ 1,200 ಘನ ಮೀಟರ್ ಗಾಳಿ ಎಳೆಯುತ್ತೆ ಅಂತ ಬರೆದಿತ್ತು. ನಮ್ಮ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಟಿವಿ ಮುಂದೆ ಕೂತ ಮಾವ ಕೆಮ್ಮುತ್ತಿದ್ದರು. ಕಾರಣ ಮೇಲಿನ ಅಲಂಕಾರದ ಮುಚ್ಚಳದೊಳಗಿತ್ತು. ಕಂಪನಿಯವರು ಸುಕ್ಕು ಸುಕ್ಕಾದ ಅಲ್ಯೂಮಿನಿಯಂ ಪೈಪನ್ನು 12 ಅಡಿ ಎಳೆದು, ಎರಡು ಕಡೆ ಬಗ್ಗಿಸಿ, ಯುಟಿಲಿಟಿ ಕಡೆಗೆ ಬಿಟ್ಟಿದ್ದರು. ಪೈಪ್ ಉದ್ದವಾದಷ್ಟೂ, ಬಾಗಿದಷ್ಟೂ ಎಳೆತ ಕಮ್ಮಿ. ಸುಕ್ಕಿನಲ್ಲಿ ಜಿಡ್ಡು ಕೂತರೆ ಇನ್ನೂ ಕಮ್ಮಿ. 2022ರಲ್ಲಿ ಹೊರಗೋಡೆಗೆ ನೇರ ತೂತು ಕೊರೆಸಿ, ಆರಿಂಚಿನ ನುಣುಪು ಪಿವಿಸಿ ಪೈಪ್ ಮೂರಡಿ ಹಾಕಿಸಿದೆ. ಅದೇ ಚಿಮಣಿ ಬೇರೆ ಚಿಮಣಿಯ ಹಾಗೆ ಎಳೆಯತೊಡಗಿತು. ಇನ್ನೊಂದು, ಚಿಮಣಿ ಓಡುವಾಗ ಕಿಟಕಿ ಒಂದು ಚೂರು ತೆಗೆದಿರಬೇಕು. ಮನೆಯೆಲ್ಲ ಮುಚ್ಚಿಟ್ಟರೆ ಅದು ಗಾಳಿ ಎಲ್ಲಿಂದ ಎಳೆದೀತು?

ಆಟೋ ಕ್ಲೀನ್ ಅನ್ನೋದನ್ನ ನಂಬಬೇಡಿ. ಬಟನ್ ಒತ್ತಿದರೆ ಒಳಗೆ ಬಿಸಿಯಾಗಿ ಎಣ್ಣೆ ಕರಗಿ ಬಟ್ಟಲಿಗೆ ಬೀಳುತ್ತೆ, ನಿಜ. ಬೀಳೋದು ನಾಲ್ಕು ತೊಟ್ಟು. ಉಳಿದದ್ದು ಫ್ಯಾನಿನ ರೆಕ್ಕೆಗೆ ಅಂಟಿಕೊಂಡೇ ಇರುತ್ತೆ. ಮೂರನೇ ವರ್ಷ ಸದ್ದು ಜಾಸ್ತಿಯಾದಾಗ ಸರ್ವಿಸಿನವನು ಬಂದು ಮೋಟಾರ್ ಹೋಗಿದೆ, 4,500 ಆಗುತ್ತೆ ಅಂದ. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಬಿಚ್ಚಿ, ಬಿಸಿನೀರು ಸೋಪಿನಲ್ಲಿ ರೆಕ್ಕೆ ನೆನೆಸಿ ತೊಳೆದ. 400 ತಗೊಂಡ. ಮೋಟಾರ್ ಇವತ್ತಿಗೂ ಅದೇ.

ಡಿಶ್‌ವಾಷರ್ ತಗೊಂಡಾಗ ನೆಂಟರೆಲ್ಲ ನಕ್ಕರು. ನಮ್ಮ ಪಾತ್ರೆ, ನಮ್ಮ ಜಿಡ್ಡು, ಅದಕ್ಕೆಲ್ಲಿ ಆಗುತ್ತೆ ಅಂತ. ಮೊದಲ ಎರಡು ತಿಂಗಳು ಅವರ ಮಾತೇ ನಿಜ ಅನ್ನಿಸಿತು. ಸ್ಟೀಲ್ ಲೋಟಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ. ಮೆಷಿನ್ನನ್ನೇ ಬೈದುಕೊಂಡೆ. ಆಮೇಲೆ ಬೋರ್ ನೀರನ್ನು ಪರೀಕ್ಷೆಗೆ ಕೊಟ್ಟೆ. ಕುಡಿಯುವ ನೀರಿಗೆ ಇರುವ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತೆ. ನಮ್ಮದು 460. ಡಿಶ್‌ವಾಷರ್ ಒಳಗೆ ನೀರನ್ನು ಮೆದು ಮಾಡುವ ಒಂದು ಭಾಗ ಇರುತ್ತೆ. ಅದಕ್ಕೆ ಉಪ್ಪು ಹಾಕಬೇಕು, ನೀರು ಎಷ್ಟು ಗಡಸು ಅಂತ ಮೆಷಿನ್ನಿಗೆ ಹೇಳಲೂಬೇಕು. ಕೂರಿಸಲು ಬಂದವನು ಕಾರ್ಖಾನೆಯಿಂದ ಬಂದ ಸೆಟ್ಟಿಂಗನ್ನು ಮುಟ್ಟಿಯೇ ಇರಲಿಲ್ಲ. ಪುಸ್ತಕ ಓದಿ ನಾನೇ ಏರಿಸಿದೆ. ನಾಲ್ಕನೇ ದಿನಕ್ಕೆ ಲೋಟಗಳು ಫಳಫಳ.

ಆ ಉಪ್ಪು ನಮಗೆ ತಿಂಗಳಿಗೆ ಒಂದು ಕೆಜಿಯಷ್ಟು ಬೇಕು. ದುಡ್ಡು ಉಳಿಸಲು ಸಾರಿಗೆ ಹಾಕುವ ಪುಡಿ ಉಪ್ಪು ಸುರಿಯಬೇಡಿ. ಅದರಲ್ಲಿ ಅಯೋಡಿನ್, ಗಂಟು ಕಟ್ಟದಿರಲು ಹಾಕುವ ಪುಡಿ ಎಲ್ಲ ಇರುತ್ತೆ, ಮೆಷಿನ್ನಿಗೆ ಒಳ್ಳೇದಲ್ಲ. ಸ್ಟೀಲ್ ತಟ್ಟೆ, ಲೋಟ, ಡಬ್ಬಿ, ಸಾರಿನ ಪಾತ್ರೆ, ಎಣ್ಣೆ ಹಿಡಿದ ಸೌಟು ಎಲ್ಲ ಚೆನ್ನಾಗಿ ಆಗುತ್ತೆ. ಹಿಟ್ಟಿನ ಪಾತ್ರೆ ಹಾಗೇ ಇಟ್ಟರೆ ಆಗಲ್ಲ, ಒಂದು ಗಂಟೆ ನೆನೆಸಿ ಕೆರೆದು ಇಡಬೇಕು. ಕಬ್ಬಿಣದ ದೋಸೆ ಹೆಂಚು ಇಡಲೇಬಾರದು, ಪಳಗಿದ್ದೆಲ್ಲ ಹೋಗಿ ತುಕ್ಕು ಹಿಡಿಯುತ್ತೆ. ಅಲ್ಯೂಮಿನಿಯಂ ಕುಕ್ಕರ್ ಒಂದು ಸಲ ಇಟ್ಟು ನೋಡಿದೆ, ಬೂದಿ ಬಣ್ಣಕ್ಕೆ ತಿರುಗಿ ಕೈಗೆ ಕಪ್ಪು ಹತ್ತತೊಡಗಿತು. ಹಾಗಾಗಿ ಮೂರು ಪಾತ್ರೆ ದಿನಾ ಕೈಯಲ್ಲಿ, ಮೂವತ್ತು ಮೆಷಿನ್ನಿನಲ್ಲಿ. ಒಂದು ಸಲಕ್ಕೆ ಎರಡು ಗಂಟೆಗೂ ಜಾಸ್ತಿ ಓಡುತ್ತೆ, ಯುಪಿಎಸ್‌ನಲ್ಲಿ ಓಡಲ್ಲ. ರಾತ್ರಿ ಹತ್ತಕ್ಕೆ ಹಾಕಿ ಮಲಗುತ್ತೇನೆ. ಇಡೀ ಅಡುಗೆಮನೆಯಲ್ಲಿ ನನಗೆ ವಾಪಸ್ ಸಮಯ ಕೊಟ್ಟ ವಸ್ತು ಇದೊಂದೇ. ನಕ್ಕ ನೆಂಟರಲ್ಲಿ ಇಬ್ಬರು ಈಗ ತಗೊಂಡಿದ್ದಾರೆ.

ಮರದ ಕೆಲಸಕ್ಕೆ ಬಂದರೆ, ಪ್ಲೈವುಡ್ಡಿನಲ್ಲಿ ಐಎಸ್ 710 ಅಂದರೆ ಕುದಿಯುವ ನೀರಿಗೂ ಬಿಡದ ಅಂಟು ಹಾಕಿದ್ದು. ಐಎಸ್ 303 ಸಾಮಾನ್ಯ ಬಳಕೆಯದು. ನಾವು ಕೆಳಗಿನ ಪೆಟ್ಟಿಗೆಗಳಿಗೆ 710 ಹಾಕಿಸಿ, ಮೇಲಿನವಕ್ಕೆ 303 ಹಾಕಿಸಿದೆವು. ಎರಡೂ ಗಟ್ಟಿಯಾಗಿವೆ. ಸಿಂಕ್ ಕೆಳಗೆ ಮಾತ್ರ ಯಾವ ಪ್ಲೈಯೂ ಬೇಡ. ಅಲ್ಲಿ ಒಂದಲ್ಲ ಒಂದು ದಿನ ಪೈಪ್ ತೊಟ್ಟಿಕ್ಕುತ್ತೆ. ನಮ್ಮದು ಎರಡನೇ ಮಳೆಗಾಲಕ್ಕೆ ತಳ ಉಬ್ಬಿತು. ಈಗ ಪಿವಿಸಿ ಹಲಗೆ ಇದೆ.

ಮೂಲೆಗೆ 14,000 ಕೊಟ್ಟು ಗಿರಗಿರ ತಿರುಗುವ ತಟ್ಟೆಗಳನ್ನು ಹಾಕಿಸಿದೆ. ಶೋರೂಮಿನಲ್ಲಿ ತಿರುಗಿಸಿ ನೋಡಿ ಮಗು ಥರ ಖುಷಿಪಟ್ಟಿದ್ದೆ. ಅದರಲ್ಲಿ ಹಿಡಿಸೋದು ಎಂಟು ಡಬ್ಬಿ. ಜೋರಾಗಿ ತಿರುಗಿಸಿದರೆ ಹಿಂದೆ ಒಂದು ಬೀಳುತ್ತೆ, ಅದನ್ನು ತೆಗೆಯಲು ಅಂಗಾತ ಮಲಗಬೇಕು. ಈಗ ಅಲ್ಲಿ ಹಬ್ಬಕ್ಕೆ ಮಾತ್ರ ಬೇಕಾಗುವ ಸಾಮಾನು ಇದೆ. ಅದೇ ದುಡ್ಡಿಗೆ ಇನ್ನೆರಡು ದೊಡ್ಡ ಡ್ರಾಯರ್ ಬರುತ್ತಿತ್ತು. ಡ್ರಾಯರ್‌ಗಳು ಬಂಗಾರ. ತಂತಿ ಬುಟ್ಟಿ ಬೇಡ, ತಳ ಮುಚ್ಚಿದ್ದೇ ತಗೊಳ್ಳಿ. ತಂತಿಯದರಲ್ಲಿ ಚಿಕ್ಕ ಲೋಟ ನಿಲ್ಲಲ್ಲ. ಹಿಡಿಯ ವಿಷಯಕ್ಕೂ ನಮ್ಮ ಮನೆಯಲ್ಲಿ ವಾದ ಇದೆ. ನನ್ನ ಕಡೆ ಹಿಡಿ ಇಲ್ಲದ ಬಾಗಿಲು, ಬೆರಳು ಹಾಕುವ ಸಂದಿಯಲ್ಲಿ ಹಿಟ್ಟು, ಒಗ್ಗರಣೆ ಸಾಸಿವೆ ಎಲ್ಲ ಸೇರಿಕೊಳ್ಳುತ್ತೆ. ಯುಟಿಲಿಟಿ ಕಡೆ ಉದ್ದ ಹಿಡಿ, ಅತ್ತೆಯ ಸೆರಗು ಎರಡು ಸಲ ಸಿಕ್ಕಿಕೊಂಡಿದೆ.

ಪ್ಲಗ್ ಪಾಯಿಂಟ್‌ಗಳನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಎಲೆಕ್ಟ್ರಿಷಿಯನ್ ಕಟ್ಟೆ ಮೇಲೆ ನಾಲ್ಕು ಪಾಯಿಂಟ್ ಕೊಟ್ಟಿದ್ದ, ಮೂರು 6 ಆಂಪಿಯರಿನದು. 2,000 ವ್ಯಾಟ್ ಇಂಡಕ್ಷನ್ ಒಲೆ 8.7 ಆಂಪಿಯರ್ ಎಳೆಯುತ್ತೆ. ಚಿಕ್ಕ ಪಾಯಿಂಟಿಗೆ ಕನ್ವರ್ಟರ್ ಪ್ಲಗ್ ಹಾಕಿ ಓಡಿಸಿ, ಒಂದು ದಿನ ಸುಟ್ಟ ವಾಸನೆ ಬಂತು. ಟೈಲ್ಸ್ ಒಡೆಸಿ ಮತ್ತೆ ವೈರ್ ಎಳೆಸಿದೆವು. ಒಡೆದ ಕಡೆ ಹೊಂದುವ ಟೈಲ್ಸ್ ಸಿಗದೆ ಅಲ್ಲೊಂದು ಕ್ಯಾಲೆಂಡರ್ ನೇತುಹಾಕಿದ್ದೇವೆ.

ಕಲ್ಲು ಚಾಮರಾಜನಗರದ ಕಪ್ಪು ಗ್ರಾನೈಟ್. ಅಂಗಡಿಯವನು ಬಿಳೀ ಕ್ವಾರ್ಟ್ಜ್, ಅಂದರೆ ಕಾರ್ಖಾನೆಯಲ್ಲಿ ಮಾಡಿದ ಕಲ್ಲು, ಹಾಕಿಸಿ ಅಂತ ತುಂಬ ಹೇಳಿದ. ಅದರಲ್ಲಿ ರಾಳ ಇರುತ್ತೆ, ಬಿಸಿ ಬಾಣಲೆ ನೇರ ಇಟ್ಟರೆ ಕಲೆಯಾಗುತ್ತೆ. ಅರಿಶಿನದ ಕೈ ಬೇರೆ. ಗ್ರಾನೈಟ್ ಮೇಲೆ ನಾಲ್ಕೂವರೆ ವರ್ಷ ನಿಂಬೆಹಣ್ಣು, ಹುಣಸೆಹುಳಿ, ಬಿಸಿ ಕುಕ್ಕರ್ ಎಲ್ಲ ಆಗಿದೆ, ಏನೂ ಆಗಿಲ್ಲ. ಬೋರ್ ನೀರಿನ ಬಿಳಿ ಗುರುತು ಮಾತ್ರ ಕಪ್ಪಿನ ಮೇಲೆ ಎದ್ದು ಕಾಣುತ್ತೆ. ಸಿಂಕ್ 304 ದರ್ಜೆಯ ಸ್ಟೀಲಿನದು, ಒಂದೇ ದೊಡ್ಡ ಬಟ್ಟಲು, ಚೆನ್ನಾಗಿದೆ. ಎಳೆದರೆ ಉದ್ದವಾಗುವ ನಲ್ಲಿಯ ತೂತುಗಳು ಸುಣ್ಣ ಕಟ್ಟಿ ತಿಂಗಳಿಗೊಮ್ಮೆ ವಿನೆಗರಿನಲ್ಲಿ ನೆನೆಸಬೇಕು. ಗಡಸು ನೀರಿನ ಊರಾದರೆ ಸಾದಾ ನಲ್ಲಿಯೇ ಸಾಕು.

ಗ್ರೈಂಡರ್ ಕೊಯಮತ್ತೂರಿನದು, ಎರಡು ಲೀಟರಿನದು. ಒಂದು ಬೆಲ್ಟ್ ಬದಲಾಯಿಸಿದ್ದು ಬಿಟ್ಟರೆ ಖರ್ಚಿಲ್ಲ. ಅದಕ್ಕೆ ಅಂತಲೇ ಹಾಕಿಸಿದ್ದ ತಗ್ಗಿನ ಕಲ್ಲನ್ನು ಈಗ ಅದು ಅತ್ತೆಯ ಒಲೆಯ ಜೊತೆ ಹಂಚಿಕೊಂಡಿದೆ.

ಹಾಸನದಲ್ಲಿ ಮನೆ ಕಟ್ಟಿಸುತ್ತಿರುವ ನನ್ನ ತಂಗಿ ಮೊನ್ನೆ ಫೋನ್ ಮಾಡಿ, ಯಾವ ಹಾಬ್ ತಗೊಳ್ಳಲಿ ಅಕ್ಕ ಅಂತ ಕೇಳಿದಳು. ಮೊದಲು ಕಲ್ಲು ಕೊರೆಸಬೇಡ ಅಂದೆ. ನಾನು ನಮ್ಮ ಹಾಬ್ ತೆಗೆಸೋಣ ಅಂತ ಹೋದ ತಿಂಗಳು ಅಂಗಡಿಗೆ ಹೋಗಿದ್ದೆ. ಒಂದೊಂದು ಕಂಪನಿಯದು ಒಂದೊಂದು ಅಳತೆಯ ತೂತು ಕೇಳುತ್ತೆ. ಚಿಕ್ಕ ತೂತನ್ನು ದೊಡ್ಡದು ಮಾಡಬಹುದು, ದೊಡ್ಡದನ್ನು ಚಿಕ್ಕದು ಮಾಡೋದು ಹೇಗೆ? ಸಾದಾ ಸ್ಟೌ ಇಡೋಣ ಅಂದರೆ ನಡುವೆ ಬಾವಿ. ಕಲ್ಲಿನವನನ್ನು ಕರೆಸಿದೆ. ಆ ತುಂಡು ಪೂರ್ತಿ ತೆಗೆದು ಹೊಸದು ಹಾಕಬೇಕು, 11,000 ಅಂದ. ಅತ್ತೆ ಪಕ್ಕದಲ್ಲೇ ನಿಂತು ಕೇಳುತ್ತಿದ್ದರು. "ಹಾಕಿಸೋದಾದ್ರೆ ಆರಿಂಚು ತಗ್ಗಿಸಿ ಹಾಕಿಸಮ್ಮ" ಅಂದರು. ಕಲ್ಲಿನವನು ಇಬ್ಬರನ್ನೂ ಒಂದು ಸಲ ನೋಡಿ, ಟೇಪ್ ಮಡಿಚಿ ಜೇಬಿಗೆ ಹಾಕಿಕೊಂಡ.