ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ: ಮಲೆನಾಡಿನ ಮನೆಯಲ್ಲಿ ಮಗುವಿನ ಫೋಟೊಗೆ

ಮೂಡಿಗೆರೆ ಕಡೆಯ ಹೆಂಚಿನ ಮನೆಗಳಲ್ಲಿ ಮಳೆಗಾಲ ಹಿಡಿಯಿತೆಂದರೆ ಹಗಲಿಗೂ ದೀಪ ಬೇಕು. ಬಾಣಂತಿ ಕೋಣೆಯಂತೂ ಇನ್ನೂ ಕತ್ತಲು. ನನ್ನ ಮಗಳು ಹುಟ್ಟಿದ್ದು ಅಂಥ ಮಳೆಗಾಲದಲ್ಲಿ, ಬಾಣಂತನ ನಡೆದದ್ದು ಅಲ್ಲಿನ ತವರುಮನೆಯಲ್ಲಿ. ಕ್ಯಾಮೆರಾದ ಜೊತೆ ಬಂದಿದ್ದ 18-55 ಎಂಎಂ ಜೂಮ್ ಲೆನ್ಸಿಗೆ ಆ ಬೆಳಕು ಸಾಲುತ್ತಿರಲಿಲ್ಲ. ಆಗ ಕೊಂಡ ಈ ಕ್ಯಾನನ್ 50 ಎಂಎಂ ಲೆನ್ಸನ್ನು, ಮಗಳು ಮನೆ ತುಂಬ ಓಡಾಡುವ ಈಗಲೂ ಬಳಸುತ್ತಿದ್ದೇನೆ. ಮನೆಯೊಳಗೆ ಮಗುವಿನ ಫೋಟೊ ತೆಗೆಯುವವರಿಗೆ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

2015ರಲ್ಲಿ ಬಂದ ಮಾದರಿ ಇದು, ತೂಕ ಸುಮಾರು 160 ಗ್ರಾಂ. ಒಂದು ಕೈಯಲ್ಲಿ ಮಗುವಿನ ತಲೆಗೆ ಆಸರೆ ಕೊಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡಿಯಬಹುದು. ಆದರೆ ಇದರ ನಿಜವಾದ ಬಲ ಬೆಳಕಿನದು. ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. 18-55 ಲೆನ್ಸ್ 55ರ ತುದಿಯಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ. ಇದು ಎಫ್/1.8ರವರೆಗೆ ತೆರೆಯುವುದರಿಂದ ಒಳಬರುವ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. ಫ್ಲ್ಯಾಶ್ ಬೇಕಾಗುವುದಿಲ್ಲ, ನಿದ್ದೆಯಲ್ಲಿರುವ ಕೂಸು ಬೆಚ್ಚಿ ಬೀಳುವುದಿಲ್ಲ.

ಶೀತಗಾಳಿ ತಾಗುತ್ತದೆಂದು ಅಮ್ಮ ಕಿಟಕಿ ತೆಗೆಯಲು ಬಿಡುತ್ತಿರಲಿಲ್ಲ. ತೆಗೆಯಬೇಕಾಗಿಯೂ ಇಲ್ಲ. ಗಾಜಿನ ಬಾಗಿಲು ಮುಚ್ಚಿಯೇ ಇರಲಿ, ಪರದೆ ಮಾತ್ರ ಸರಿಸಿ ಹಾಸಿಗೆಯನ್ನು ಹತ್ತಿರಕ್ಕೆ ಎಳೆದುಕೊಳ್ಳಿ. ಮಗುವಿನ ತಲೆ ಕಿಟಕಿಯ ಕಡೆಗೆ ತುಸು ಓರೆಯಾಗಿರಲಿ. ಕಾಲಿನ ಕಡೆಯಿಂದ ಬೆಳಕು ಬಂದರೆ ನೆರಳು ಕೆಳಗಿನಿಂದ ಮೇಲಕ್ಕೆ ಬಿದ್ದು ಮುಖವೇ ಬೇರೆಯಾಗಿ ಕಾಣುತ್ತದೆ. ಕೋಣೆಯ ಬಲ್ಬ್ ಆರಿಸಿ, ಇಲ್ಲವಾದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ. ಮೋಡ ಕವಿದ ಆಕಾಶದ ಬೆಳಕು ಹದವಾಗಿ ಹರಡುವುದರಿಂದ ಹಸುಗೂಸಿನ ಚರ್ಮ ಅದರಲ್ಲಿ ಎಷ್ಟು ಚೆನ್ನಾಗಿ ಬರುತ್ತದೆಂದರೆ, ಮಾರ್ಚ್ ತಿಂಗಳ ಬಿಸಿಲಿಗಿಂತ ನನಗೆ ಜುಲೈ ತಿಂಗಳೇ ಇಷ್ಟ.

ಎಫ್/1.8 ಇದೆಯೆಂದು ಸದಾ ಅದರಲ್ಲೇ ತೆಗೆಯಬೇಡಿ. ಎರಡಡಿ ದೂರದಿಂದ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ರೆಪ್ಪೆಯ ಕೂದಲು ಒಂದೊಂದಾಗಿ ಎಣಿಸುವಂತೆ ಕಂಡರೂ ಕೆನ್ನೆಯಂಚಿನ ದೃಷ್ಟಿಬೊಟ್ಟು ಮಸುಕಾಗಿಬಿಡುತ್ತದೆ. ಮುಖ ಪೂರ್ತಿ ಬೇಕಿದ್ದರೆ ಎಫ್/2.8 ಅಥವಾ 4 ಇಟ್ಟು, ಫೋಕಸ್ ಚುಕ್ಕೆಯನ್ನು ಹತ್ತಿರದ ಕಣ್ಣಿನ ಮೇಲಿಡಿ. ಕೈನಡುಕ ತಡೆಯುವ ವ್ಯವಸ್ಥೆ ಲೆನ್ಸಿನಲ್ಲಿಲ್ಲ. ಶಟರ್ ವೇಗ ಮಲಗಿದ ಮಗುವಿಗೆ ಸೆಕೆಂಡಿನ 1/125, ಕೈಕಾಲು ಬಡಿಯುವಾಗ 1/250 ಇಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿದರೂ ಹೆದರಬೇಡಿ. ಚಿತ್ರ ತುಸು ಕಾಳುಕಾಳಾಗಿ ಕಂಡರೂ ಸಹಿಸಬಹುದು, ಅಲುಗಿದ ಮುಖವನ್ನು ಸರಿಪಡಿಸಲಾಗದು.

ಕ್ಯಾಮೆರಾದೊಳಗೆ ಚಿತ್ರ ಮೂಡುವ ಸಂವೇದಕದಿಂದ 35 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗಬಹುದು, ಅಂದರೆ ಲೆನ್ಸಿನ ತುದಿಗೂ ಮುಖಕ್ಕೂ ಒಂದು ಗೇಣಿಗಿಂತ ತುಸು ಹೆಚ್ಚು ಅಂತರ. ಮುಷ್ಟಿ ಮಡಚಿದ ಬೆರಳು, ಪಾದದ ಸುಕ್ಕುಗಳನ್ನು ತುಂಬಿ ತೆಗೆಯಲು ಅಷ್ಟು ಸಾಕು. ಮೇಲಿನಿಂದ ಬಗ್ಗಿ ತೆಗೆಯುವಾಗ ಕ್ಯಾಮೆರಾದ ಪಟ್ಟಿ ಕೊರಳಲ್ಲೇ ಇರಲಿ. ಎರಡು ಕೈಗಳ ಮೇಲೆ ಗಲ್ಲವೂರಿ ಮಲಗಿದ ಹಸುಗೂಸಿನ ಫೋಟೊಗಳನ್ನು ನೋಡಿ ಮನೆಯಲ್ಲಿ ಹಾಗೆ ಮಾಡಲು ಹೋಗಬೇಡಿ. ಪಳಗಿದವರು ಮಗುವನ್ನು ಹಿಡಿದುಕೊಂಡೇ ಎರಡು ಚಿತ್ರ ತೆಗೆದು, ಹಿಡಿದ ಕೈಯನ್ನು ಆಮೇಲೆ ಅಳಿಸುತ್ತಾರೆ.

ಇದರ ಮಿತಿಯೂ ಗೊತ್ತಿರಲಿ. ಚಿಕ್ಕ ಸಂವೇದಕದ ಸಾಮಾನ್ಯ ಎಪಿಎಸ್-ಸಿ ಕ್ಯಾಮೆರಾದಲ್ಲಿ ಇದರ ನೋಟ, ದೊಡ್ಡ ಫುಲ್‌ಫ್ರೇಮ್ ಸಂವೇದಕದಲ್ಲಿ 80 ಎಂಎಂ ಲೆನ್ಸಿನದಷ್ಟು ಕಿರಿದು. ತೊಟ್ಟಿಲು ಪೂರ್ತಿ ಹಿಡಿಯಲು ಹಿಂದೆ ಸರಿಯುತ್ತಾ ಹೋದರೆ ಬೆನ್ನು ಗೋಡೆಗೆ ತಾಗುತ್ತದೆ. ನಾಮಕರಣದ ದಿನ ನೆಂಟರಿಷ್ಟರ ಗುಂಪಿಗೆ ಹಳೆಯ 18-55 ಲೆನ್ಸೇ ವಾಸಿ. ಅಜ್ಜಿ ಕಾಲಮೇಲೆ ಮಲಗಿಸಿಕೊಂಡು ನೀರು ಹಾಕುವುದನ್ನು ಮಾತ್ರ ಬಚ್ಚಲಿನ ಬಾಗಿಲಲ್ಲಿ ನಿಂತು ಇದರಲ್ಲೇ ತೆಗೆದಿದ್ದೇನೆ. ಹಂಡೆಯ ಹಬೆಗೆ ಗಾಜು ಮಂಜಾದರೆ ಒರೆಸದೆ, ಅದು ಬೆಚ್ಚಗಾಗುವವರೆಗೆ ಕಾಯಬೇಕು.

ನಮ್ಮ ಕಡೆ ಲೆನ್ಸಿಗೆ ದೊಡ್ಡ ಶತ್ರು ಬೂಷ್ಟು. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುತ್ತೇನೆ. ಇದುವರೆಗೆ ಗಾಜಿನೊಳಗೆ ಒಂದು ಎಳೆಯೂ ಹಬ್ಬಿಲ್ಲ. ಜೆಲ್‌ನ ಬಣ್ಣ ಬದಲಾದರೆ ಪೊಟ್ಟಣ ಬದಲಾಯಿಸಿ. ಚರ್ಮದ ಚೀಲದಲ್ಲಿ, ಬೀರುವಿನ ಬಟ್ಟೆಗಳ ನಡುವೆ ಮಾತ್ರ ಇಡಬೇಡಿ.