ಬೆಂಕಿ ಮನುಷ್ಯ, ಮೋಸದ ತಕ್ಕಡಿ ಮತ್ತು ನನ್ನ 1,499 ರೂಪಾಯಿ

ಜೂನ್‌ನಲ್ಲಿ ಶಾಲೆ ಶುರುವಾದ ಎರಡನೇ ವಾರ ಆನ್‌ಲೈನ್‌ನಲ್ಲಿ ಮಕ್ಕಳ ರೋಲ್ ಪ್ಲೇ ಸೆಟ್ ಒಂದನ್ನು ತರಿಸಿದೆ. ಡಾಕ್ಟರು, ಪೊಲೀಸು, ಅಂಗಡಿಯವರು, ಬೆಂಕಿ ಆರಿಸುವವರು ಅಂತ ನಾಲ್ಕು ವೇಷ, ಒಂದೊಂದಕ್ಕೂ ಬೇಕಾದ ಸಾಮಾನು, ಜೊತೆಗೆ 24 ಚಟುವಟಿಕೆ ಕಾರ್ಡು. ಎಲ್ಲ ಸೇರಿ 1,499 ರೂಪಾಯಿ. ದುಡ್ಡು ನನ್ನದೇ. ಶಾಲೆ ಅನುದಾನದಲ್ಲಿ ಇಂಥದ್ದಕ್ಕೆ ಬಿಲ್ ಇಟ್ಟರೆ ನಮ್ಮ ಹೆಡ್‌ಮೇಷ್ಟ್ರು ಏನೂ ಅನ್ನೋದಿಲ್ಲ, ಕನ್ನಡಕ ತೆಗೆದು ಒಂದು ಸಲ ನೋಡ್ತಾರೆ, ಅಷ್ಟೇ. ಅದಕ್ಕಿಂತ 1,499 ವಾಸಿ.

ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಲಿ-ಕಲಿ ಶಿಕ್ಷಕಿ. ಒಂದು, ಎರಡು, ಮೂರನೇ ತರಗತಿಯ 23 ಮಕ್ಕಳು ಒಂದೇ ಕೋಣೆಯಲ್ಲಿ. ನಲಿ-ಕಲಿ ಗೊತ್ತಿಲ್ಲದವರಿಗೆ ಎರಡು ಮಾತು: 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ ಇದು. ಬೆಂಚಿಲ್ಲ, ದುಂಡು ಮೇಜು. ಪಾಠಕ್ಕೆ ಬದಲು ಕಾರ್ಡು, ಜೊತೆಗೆ ಮಗು ಯಾವ ಮೆಟ್ಟಿಲಿಗೆ ಬಂದಿದೆ ಅಂತ ತೋರಿಸೋ ಕಲಿಕಾ ಏಣಿ. ತಲೆ ಮೇಲೆ ದಾರ ಕಟ್ಟಿದ ಚಪ್ಪರ, ಅದಕ್ಕೆ ಮಕ್ಕಳು ಬರೆದ ಚಿತ್ರ ನೇತುಹಾಕ್ತೀವಿ. ಅಭಿನಯ, ಹಾಡು, ಆಟ ಇಲ್ಲಿ ಪಾಠದೊಳಗೇ ಸೇರಿದೆ. ಹಾಗಾಗಿ ವೇಷದ ಸಾಮಾನು ನಮಗೆ ಶೋಕಿಗೆ ಬೇಕಾದದ್ದಲ್ಲ.

ಈಗ ಐದು ತಿಂಗಳಾಗಿದೆ. ತೆಗೆದುಕೊಳ್ಳೋಣವಾ ಅಂತ ಯೋಚನೆ ಮಾಡ್ತಿರೋ ಅಂಗನವಾಡಿ, ನಲಿ-ಕಲಿ ಅಕ್ಕಂದಿರಿಗೆ, ಮನೆಯಲ್ಲಿ ಐದಾರು ವರ್ಷದ ಮಕ್ಕಳಿರೋರಿಗೆ ಉಪಯೋಗ ಆಗಲಿ ಅಂತ ಬರೀತಿದ್ದೀನಿ. ಒಂದು ಸೆಟ್ಟು ಚೆನ್ನಾಗಿದೆಯೋ ಇಲ್ಲವೋ ಅಂತ ನಾನು ನೋಡೋದಕ್ಕೆ ಇರೋದು ಒಂದೇ ಲೆಕ್ಕ. ಅದನ್ನು ಕೈಗೆ ಕೊಟ್ಟಾಗ ಮಕ್ಕಳ ಬಾಯಲ್ಲಿ ಎಷ್ಟು ಮಾತು ಬಂತು? ಸಾಮಾನು ಎಷ್ಟು ಮಿಂಚುತ್ತೆ ಅನ್ನೋದು ನನಗೆ ಬೇಡ.

ಮೊದಲು ಕಾರ್ಡಿನ ಕಥೆ ಹೇಳಿಬಿಡ್ತೀನಿ. ಒಂದು ಬದಿ ಇಂಗ್ಲಿಷು, ಇನ್ನೊಂದು ಬದಿ ಕನ್ನಡ ಅಂತ ಜಾಹೀರಾತಲ್ಲಿ ದೊಡ್ಡದಾಗಿ ಹಾಕಿದ್ದರು. ಅದನ್ನು ನೋಡಿಯೇ ನಾನು ಬಿದ್ದದ್ದು. ಬಂದ ಮೇಲೆ ನೋಡಿದರೆ, ಯಾವುದೋ ಯಂತ್ರಕ್ಕೆ ಹಾಕಿ ತೆಗೆದ ಕನ್ನಡ. ಹಣದ ಪೆಟ್ಟಿಗೆಗೆ 'ನಗದು ನೋಂದಣಿ'. ಡಾಕ್ಟರ ಕಾರ್ಡಲ್ಲಿ 'ನಿಮ್ಮ ತಾಳ್ಮೆಯನ್ನು ಮಲಗಿಸಿ'. ರೋಗಿ ಹೋಗಿ ತಾಳ್ಮೆ ಆಗಿದೆ ಅಂತ ಗೊತ್ತಾಗೋಕೆ ನನಗೆ ಕಾರ್ಡು ತಿರುಗಿಸಿ ನೋಡಬೇಕಾಯ್ತು. ಅಗ್ನಿಶಾಮಕದವರ ಕಾರ್ಡಲ್ಲಿ 'ನೀವು ಬೆಂಕಿ ಮನುಷ್ಯ. ಕಟ್ಟಡಕ್ಕೆ ಓಡಿ.'

ಮೂರನೇ ತರಗತಿಯ ಹುಡುಗಿ ಇದನ್ನು ಜೋರಾಗಿ ಓದಿದಳು. ಓದಿ, ಒಂದು ಕ್ಷಣ ಸುಮ್ಮನಿದ್ದು ಕೇಳಿದಳು: "ಮಿಸ್, ಬೆಂಕಿ ಮನುಷ್ಯ ಅಂದ್ರೆ ಕೊಳ್ಳಿದೆವ್ವಾನಾ?"

ಮುಗೀತು. ಆವತ್ತು ಬೆಂಕಿ ಆರಿಸೋರು ಯಾರೂ ಇರಲಿಲ್ಲ, ಕೋಣೆ ತುಂಬ ಕೊಳ್ಳಿದೆವ್ವಗಳೇ. ಕೆಂಪು ಹೆಲ್ಮೆಟ್ಟು ಹಾಕಿಕೊಂಡವನು ದೆವ್ವ, ಮಿಕ್ಕವರು ರಾತ್ರಿ ತೋಟಕ್ಕೆ ನೀರು ಬಿಡೋಕೆ ಹೋದ ರೈತರು. ಮೂರು ಫೇಸ್ ಕರೆಂಟು ರಾತ್ರಿ ಕೊಡ್ತಾರಲ್ಲ, ಅದಕ್ಕೇ ಹೋಗಬೇಕಾಯ್ತು ಅಂತ ಕಥೆಗೆ ಕಾರಣವನ್ನೂ ಅವರೇ ಕಟ್ಟಿದರು. ಒಬ್ಬ ಮೋಟಾರು ಆನ್ ಮಾಡ್ತಾನೆ, ಇನ್ನೊಬ್ಬಳು ಬ್ಯಾಟರಿ ಬಿಡ್ತಾಳೆ, "ಅಗಳೋ ಅಲ್ಲೈತೆ ಅಲ್ಲೈತೆ" ಅಂತ ಕಿರುಚಾಟ. ಪಕ್ಕದ ಕೋಣೆಯಿಂದ ಹೆಡ್‌ಮೇಷ್ಟ್ರು ಬಂದು ಕನ್ನಡಕ ತೆಗೆದರು. ಅರ್ಧ ಗಂಟೆ, ಒಂದು ಮಗುವೂ ಸುಮ್ಮನೆ ಕೂತಿರಲಿಲ್ಲ. ಇದಕ್ಕೆ ಅಂಕ ಕಂಪನಿಗೆ ಕೊಡಬೇಕೋ, ಯಂತ್ರಕ್ಕೆ ಕೊಡಬೇಕೋ ತಿಳೀತಿಲ್ಲ. ಮಾರನೇ ದಿನ ನಾನೇ ಕೂತು 24 ಕಾರ್ಡಿನ ಕನ್ನಡದ ಬದಿಗೂ ಬಿಳಿ ಹಾಳೆ ಅಂಟಿಸಿ, ಸ್ಕೆಚ್ ಪೆನ್ನಲ್ಲಿ ಬರೆದೆ. ಒಂದನ್ನು ಮಾತ್ರ ಹಾಗೇ ಬಿಟ್ಟಿದ್ದೀನಿ.

ಇನ್ನು ಬಟ್ಟೆ. ಮೂರರಿಂದ ಎಂಟು ವರ್ಷದವರಿಗೆ ಅಂತ ಬರೆದಿದೆ. ಪೊಲೀಸ್ ಅಂಗಿ ಐದು ವರ್ಷದ ಮಗುವಿಗೆ ಸರಿ, ಎಂಟು ವರ್ಷದವನಿಗೆ ಅರ್ಧ ತೋಳಿನಲ್ಲೇ ನಿಲ್ಲುತ್ತೆ. ನೈಲಾನು. ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಹಾಕಿಸಿದರೆ ಮಕ್ಕಳು ಬೆವರಿ ನೆಂದುಹೋಗ್ತಾರೆ. ಬಿಳಿ ಕೋಟೊಂದು ಪರವಾಗಿಲ್ಲ, ಹತ್ತಿ ಬೆರೆತಿದೆ, ನಾಲ್ಕು ಸಲ ಒಗೆದರೂ ಹೊಲಿಗೆ ಬಿಟ್ಟಿಲ್ಲ.

ಡಾಕ್ಟರ್ ಸಾಮಾನಿನಲ್ಲಿ ಸ್ಟೆತಸ್ಕೋಪಿನ ನಳಿಕೆ ಒಂಬತ್ತನೇ ದಿನ ಕಿತ್ತುಬಂತು. ಕಂಪನಿಯವರಿಗೆ ಬರೆದರೆ ವಾಪಸು ಕೊಡೋ ಅವಧಿ ಏಳು ದಿನ, ಮುಗಿದಿದೆ ಅಂದರು. ಫೋಟೋ ಕಳಿಸಿ ಅಂದರು, ಕಳಿಸಿದೆ. ಅಲ್ಲಿಂದ ಈಚೆಗೆ ಉಸಿರಿಲ್ಲ. ಸೈಕಲ್ ಅಂಗಡಿಯವರು ಐದು ರೂಪಾಯಿಗೆ ಒಂದು ತುಂಡು ವಾಲ್‌ಟ್ಯೂಬ್ ಕೊಟ್ಟರು, ಸಿಕ್ಕಿಸಿದ್ದೀನಿ, ನಡೀತಿದೆ. ಆಟ ಮಾತ್ರ ಚೆನ್ನಾಗಿ ಆಗುತ್ತೆ. ಮೊದಮೊದಲು ಎಲ್ಲರಿಗೂ ಸೂಜಿ ಚುಚ್ಚೋದೇ ಬೇಕು, ಚುಚ್ಚಿಸಿಕೊಳ್ಳೋರು ಯಾರೂ ಇಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ರೋಗಿಗಳನ್ನು ಮಕ್ಕಳಾಗೋಕೆ ಬಿಡಲಿಲ್ಲ. "ನೀನು ನಿಮ್ಮಜ್ಜಿ. ಏನು ತೊಂದರೆ ಹೇಳು" ಅಂದೆ. ಆಗ ನೋಡಿ! ಸೊಂಟ ಹಿಡಿದುಕೊಂಡು, "ಅಯ್ಯೋ ಡಾಕ್ಟ್ರಪ್ಪ, ಮಂಡಿ ಒಂದ್ ಕಡೆ, ಶುಗರ್ ಒಂದ್ ಕಡೆ, ಸೊಸೆ ಒಂದ್ ಕಡೆ" ಅಂತ ಏಳು ವರ್ಷದವಳು ಶುರುಮಾಡಿದರೆ ನಾನು ಹಲಗೆ ಕಡೆ ತಿರುಗಿ ನಿಂತು ನಕ್ಕೆ. ಡಾಕ್ಟರೂ ಕಮ್ಮಿ ಇಲ್ಲ. ತಲೆ ಎತ್ತದೆ ಗೀಚಿ ಚೀಟಿ ಹರಿದು ಕೊಟ್ಟು, "ಇದು ಇಲ್ಲಿಲ್ಲ, ಹೊರಗೆ ತಗೊಳಿ" ಅಂದ. ಸಣ್ಣವರಿಗೆ ಪಾತ್ರ ಕೊಡೋವಾಗ ಕೆಲಸದ ಹೆಸರು ಹೇಳಿದರೆ ಸಾಲದು, ಅವರು ಕಂಡ ಒಬ್ಬ ವ್ಯಕ್ತಿಯನ್ನು ಕೊಡಬೇಕು.

ಅಂಗಡಿ ಸಾಮಾನು ನೋಡಿ ನನಗೆ ಬೇಜಾರಾಯ್ತು. ಪ್ಲಾಸ್ಟಿಕ್ಕಿನ ಪಿಜ್ಜಾ, ಬರ್ಗರ್, ಬ್ರಾಕೊಲಿ. ಒಂದು ಟೊಮೇಟೊ, ಒಂದು ಕ್ಯಾರೆಟ್ ಬಿಟ್ಟರೆ ನಮ್ಮ ಮಕ್ಕಳು ಗುರುತು ಹಿಡಿದದ್ದು ಏನೂ ಇಲ್ಲ. ಬ್ರಾಕೊಲಿಯನ್ನು ಮರ ಅಂತ ಎತ್ತಿಟ್ಟುಕೊಂಡು ಅದರ ಕೆಳಗೆ ಆನೆ ನಿಲ್ಲಿಸಿದರು. ನೋಟುಗಳೋ, ಡಾಲರಿನ ಹಸಿರು ಚೀಟಿ. ಅವನ್ನು ಎತ್ತಿಟ್ಟು, ದೊಡ್ಡ ತರಗತಿಯ ಗಣಿತ ಕಿಟ್‌ನಲ್ಲಿದ್ದ ಆಟದ ರೂಪಾಯಿ ನೋಟು ಇಸ್ಕೊಂಡು ಬಂದೆ. ಅದಕ್ಕೂ ಇವರು ಅಷ್ಟಕ್ಕಷ್ಟೇ. ಒಬ್ಬಳು ಅಂಗೈಯನ್ನೇ ಫೋನು ಮಾಡಿಕೊಂಡು ಗಾಳಿಗೆ ಹಿಡಿದಳು, ಅಂಗಡಿ ಹುಡುಗ ಮೂಗಿನಲ್ಲಿ "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂದ. ಸಂಕಲನ ವ್ಯವಕಲನ ಮಾಡಿಸೋಣ ಅಂತ ಕೂತಿದ್ದ ನಾನು, "ಇವತ್ತು ನೆಟ್‌ವರ್ಕ್ ಇಲ್ಲ" ಅಂತ ಬೋರ್ಡು ಬರೆದು ಹಾಕಬೇಕಾಯ್ತು.

ಇಡೀ ಡಬ್ಬದಲ್ಲಿ ಕೊಟ್ಟ ದುಡ್ಡಿಗೆ ನ್ಯಾಯ ಮಾಡಿದ್ದು ತಕ್ಕಡಿ. ಅಂಗೈಯಗಲದ ಎರಡು ತಟ್ಟೆ, ನಡುವೆ ಕಂಬ, 5, 10, 20 ಗ್ರಾಮಿನ ಬಟ್ಟು. ಆಟದ ಸಾಮಾನಾದರೂ ನಿಜವಾಗಿ ತೂಗುತ್ತೆ. ಮೊದಲ ದಿನ ಹುಣಸೆಬೀಜ ತೂಗೋಕೆ ಕೊಟ್ಟೆ. ಒಬ್ಬ ಹುಡುಗ, ಅವರಪ್ಪ ಕೊಬ್ಬರಿ ವ್ಯಾಪಾರ, ತಟ್ಟೆಗೆ ಏನನ್ನೂ ಹಾಕದೆ ಬಗ್ಗಿ ಮುಳ್ಳನ್ನೇ ನೋಡ್ತಾ ಕೂತ.

"ಯಾಕೋ, ತೂಗು."

"ಇದು ಮೋಸದ್ದು ಮಿಸ್. ಖಾಲಿ ಇದ್ದಾಗ್ಲೇ ಎಡಗಡೆ ಬಗ್ಗೈತೆ. ನಮ್ಮಪ್ಪ ಮೊದ್ಲು ಖಾಲಿ ತಕ್ಕಡಿ ನೋಡ್ತದೆ."

ನಿಜ, ಒಂದು ಕೂದಲೆಳೆ ಬಗ್ಗಿತ್ತು. ಎಲ್ಲರನ್ನೂ ಕರೆದು ಕೂರಿಸಿದೆ. ಏನು ಮಾಡೋದು? ಒಬ್ಬಳು ಎಡ ತಟ್ಟೆ ಕೆರೆಯೋಣ ಅಂದಳು. ಇನ್ನೊಬ್ಬ ಬಲಕ್ಕೆ ಉಗುಳು ಹಚ್ಚೋಣ ಅಂದ, ಹಚ್ಚಿಯೂ ನೋಡಿದ. ಕೊನೆಗೆ ಬಲ ತಟ್ಟೆಯ ತಳಕ್ಕೆ ಕಡಲೆಕಾಳಿನಷ್ಟು ಜೇಡಿಮಣ್ಣು ಮೆತ್ತಿ, ಒಂದಿಷ್ಟು ಕಿತ್ತು, ಮತ್ತೆ ಮೆತ್ತಿ ಸಮ ಮಾಡಿದರು. ಸಮ ಅನ್ನೋ ಪದಕ್ಕೆ ನಾನು ಮೂರು ಕಾರ್ಡು ಖರ್ಚು ಮಾಡ್ತಿದ್ದೆ. ಅಲ್ಲಿಂದ ಈಚೆಗೆ ಯಾರು ಅಂಗಡಿಗೆ ಬಂದರೂ ಮೊದಲು ಖಾಲಿ ತಕ್ಕಡಿ ತೋರಿಸು ಅಂತಾರೆ. ಡಿಸೆಂಬರಿಗೆ ಮಕ್ಕಳ ಸಂತೆ ಮಾಡಬೇಕು ಅಂದುಕೊಂಡಿದ್ದೀವಿ. ನಮ್ಮವರು ಸೊಪ್ಪು, ನಿಂಬೆಹಣ್ಣು ತಂದು ನಿಜವಾಗಿ ಮಾರೋ ದಿನ ಅದು. ಅವತ್ತು ಊರಿನ ಅಂಗಡಿಯವರು ಸ್ವಲ್ಪ ಹುಷಾರಾಗಿರಬೇಕು.

ಡಬ್ಬದ ಮೇಲೆ ಐಎಸ್‌ಐ ಗುರುತಿತ್ತು. 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ, ನೀವು ಯಾವುದನ್ನು ಕೊಂಡರೂ ನೋಡಿ ಕೊಳ್ಳಿ. ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಕ್ಕೆ ಈ ನಿಯಮದಿಂದ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ಗೊಂಬೆ ಮೇಲೆ ಅದು ಕಾಣದಿದ್ದರೆ ಗಾಬರಿ ಬೇಡ.

ಚನ್ನಪಟ್ಟಣದ ಮಾತು ಬಂತು, ಹೇಳಿಯೇಬಿಡ್ತೀನಿ. ಆಗಸ್ಟ್‌ನಲ್ಲಿ ಮದ್ದೂರಿಗೆ ಮದುವೆಗೆ ಹೋದವರು, 2023ರಲ್ಲಿ ಆದ ಹೊಸ ಹೆದ್ದಾರಿ ಬಿಟ್ಟು ಬೇಕಂತಲೇ ಊರೊಳಗಿನ ಹಳೇ ರಸ್ತೆಗೆ ಇಳಿದೆವು. ಹೆದ್ದಾರಿ ಊರಾಚೆ ಹಾದುಹೋದ ಮೇಲೆ ಅಂಗಡಿ ಸಾಲಿನಲ್ಲಿ ಮೊದಲಿನ ಗದ್ದಲ ಇಲ್ಲ. ಅಲ್ಲಿ ಒಂದು ಅಡುಗೆ ಸೆಟ್ಟು ತಗೊಂಡೆ: ಒಲೆ, ಬೀಸೋಕಲ್ಲು, ಒರಳು, ಕೊಡ, ಲಟ್ಟಣಿಗೆ, ಎಲ್ಲ ಬೆರಳುದ್ದದ್ದು, 450 ರೂಪಾಯಿ. ಆಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಬಣ್ಣ ಒತ್ತಿ, ಒಣಗಿದ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡ್ತಾರೆ. ನಮ್ಮ ಕೋಣೆಯಲ್ಲಿ ಮೂರು ತಿಂಗಳು ನೆಲಕ್ಕೆ ಬಿದ್ದಿದೆ, ಕಚ್ಚಿಸಿಕೊಂಡಿದೆ, ಒಂದು ಕೊಡದ ಕಂಠ ಮುಕ್ಕಾಗಿದ್ದು ಬಿಟ್ಟರೆ ಹಾಗೇ ಇದೆ. ನೀರಲ್ಲಿ ನೆನೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮನೆಯಲ್ಲಿ ಪುಟ್ಟ ಕೂಸಿದ್ದರೆ ಈ ಬೆರಳುದ್ದದ ಸೆಟ್ಟು ಬೇಡ, ಬಾಯಿಗೆ ಹೋಗುತ್ತೆ. ಮಾತಿನ ಲೆಕ್ಕದಲ್ಲಿ ಇದು ಪ್ಲಾಸ್ಟಿಕ್ ಡಬ್ಬಕ್ಕಿಂತ ಎಷ್ಟೋ ಮುಂದೆ. ಬೀಸೋಕಲ್ಲು ಕೈಗೆ ಸಿಕ್ಕರೆ ಹಾಡು ತಾನಾಗೇ ಬರುತ್ತೆ. ಹುಡುಗರು ಮೊದಲು "ಇದು ಹೆಣ್ಮಕ್ಕಳ ಆಟ" ಅಂದರು. ಬಿಸಿಯೂಟದ ಅಡುಗೆಯವರನ್ನು ಬಿಟ್ಟು ಹೋಟೆಲ್ ಭಟ್ಟರ ಪಾತ್ರ ಕೊಟ್ಟೆ. ಈಗ ಒಲೆ ಮುಂದೆ ಹುಡುಗರದೇ ಜಗಳ.

ಆದರೆ ನಿಜ ಹೇಳಬೇಕೆಂದರೆ, ಈ ವರ್ಷ ಅತಿ ಹೆಚ್ಚು ಆಡಿದ ಆಟಕ್ಕೆ ನಾನು ಖರ್ಚು ಮಾಡಿದ್ದು ಹದಿನೈದು ರೂಪಾಯಿ, ಒಂದು ಸೀಟಿಗೆ. ಸಣ್ಣ ಕುರ್ಚಿಗಳನ್ನು ಎರಡು ಸಾಲು ಇಟ್ಟರೆ ಬಸ್ಸು. ಹಳೇ ಕ್ಯಾಲೆಂಡರ್ ಕತ್ತರಿಸಿದರೆ ಟಿಕೆಟ್ಟು. ಹುಡುಗಿಯರು ಹತ್ತಿದ ಕೂಡಲೇ ಹೊಂಗೆ ಎಲೆ ತೋರಿಸ್ತಾರೆ, ಅದು ಆಧಾರ್ ಕಾರ್ಡು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಇವರು ಕಂಡಿರೋದೇ ಅಮ್ಮಂದಿರ ಶೂನ್ಯ ಟಿಕೆಟ್ಟು. ಕಂಡಕ್ಟರು ಅದರ ಮೇಲೆ ದೊಡ್ಡ ಸೊನ್ನೆ ಬರೆದು ಹರಿದು ಕೊಡ್ತಾಳೆ. ಸೊನ್ನೆ ಅಂದರೆ ಏನು ಅಂತ ಒಂದನೇ ತರಗತಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಹುಡುಗರು ದುಡ್ಡು ಕೊಡಬೇಕು. ಊರಿಂದ ತಿಪಟೂರಿಗೆ 18 ರೂಪಾಯಿ ಅಂತ ಅವರೇ ಇಟ್ಟ ದರ. ಇಪ್ಪತ್ತು ಕೊಟ್ಟರೆ, "ಚಿಲ್ಲರೆ ಇಲ್ಲ, ಹಿಂದೆ ಬರೆದಿದೀನಿ, ಇಳಿವಾಗ ಇಸ್ಕೋ." ಟಿಕೆಟ್ಟಿನ ಹಿಂದೆ 2 ಅಂತ ಬರೆದಿರುತ್ತೆ. ಇಳಿಯುವಾಗ ಕೇಳೋದು ಮರೆತವರು ವಾಪಸು ಓಡಿಬಂದು ಜಗಳ ಆಡ್ತಾರೆ.

ತೆಂಗಿನ ನಾರಿನ ಫ್ಯಾಕ್ಟರಿಗೆ ಕೆಲಸಕ್ಕೆ ಬಂದವರ ಮಗ ಒಬ್ಬನಿದ್ದಾನೆ, ಮನೇಲಿ ಹಿಂದಿ. ಆಗಸ್ಟ್‌ವರೆಗೂ ಕೋಣೆಯಲ್ಲಿ ಅವನ ದನಿ ನಾನು ಕೇಳಿರಲಿಲ್ಲ. ಡ್ರೈವರ್ ಮಾಡಿದೆ, ಮಾತು ಬೇಡವಲ್ಲ, ಹಾರನ್ ಸಾಕು. ಎರಡು ವಾರ ಹಾರನ್ನೇ ಹೊಡೆದ. ಮೂರನೇ ವಾರ ಸೀಟಿ ಕಿತ್ತುಕೊಂಡು ಕಂಡಕ್ಟರಾದ. "ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಐತೆ" ಅಂದ. ಅವನ ಕನ್ನಡದಲ್ಲಿ ಇವತ್ತಿಗೂ ಗಟ್ಟಿಯಾಗಿರೋದು ಆ ವಾಕ್ಯವೇ, ಬಿಸಿಯೂಟದ ಸಾಲಿನಲ್ಲೂ ಅದನ್ನೇ ಹೇಳ್ತಾನೆ.

ಸೆಟ್ಟಿಗೆ ಐದರಲ್ಲಿ ಎರಡೂವರೆ ನಕ್ಷತ್ರ. ಒಂದೂವರೆ ತಕ್ಕಡಿಗೆ, ಅರ್ಧ ಬಿಳಿ ಕೋಟಿಗೆ, ಅರ್ಧ ಕೊಳ್ಳಿದೆವ್ವಕ್ಕೆ. ಪೇಟೆಯಲ್ಲಿರೋ, ಪಿಜ್ಜಾ ತಿನ್ನೋ ಮಕ್ಕಳಿಗೆ ಇನ್ನರ್ಧ ಜಾಸ್ತಿ ಆದೀತು. ಶಾಲೆಗೆ ತರಿಸೋದಾದರೆ ಇಡೀ ಡಬ್ಬ ಬೇಡ. ತಕ್ಕಡಿಯೊಂದನ್ನೇ ಬಿಡಿಯಾಗಿ ತಗೊಳ್ಳಿ, ಬಿಳಿ ಕೋಟಿಗೆ ಊರಿನ ದರ್ಜಿಗೆ ಬಟ್ಟೆ ಕೊಡಿ, ಒಂದು ಸೀಟಿ ಕೊಳ್ಳಿ. ಸೀಟಿಯನ್ನು ಆಟ ಮುಗಿದ ಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕಿ. ನಾನು ಮೊದಲ ವಾರ ಹಾಕಿರಲಿಲ್ಲ.

ಕೆಂಪು ಹೆಲ್ಮೆಟ್ಟು ಈಗ ಅಂಗಡಿ ಮೂಲೆಯಲ್ಲಿದೆ. ಮಗುಚಿ ಇಟ್ಟು ಅದರಲ್ಲಿ ಹುಣಸೆಬೀಜ ತುಂಬಿದ್ದಾರೆ.