ಜಿಆರ್‌ಇಗೆ ಮನೆಯಲ್ಲೇ ಓದುವುದಾದರೆ: ವಿಡಿಯೊ, ಪ್ರಶ್ನೆ ಬ್ಯಾಂಕ್, ತಪ್ಪಿನ ನೋಟ್‌ಬುಕ್

ವಿದೇಶದಲ್ಲಿ ಸ್ನಾತಕೋತ್ತರ ಓದಿನ ಪ್ರವೇಶಕ್ಕೆ ಬರೆಯುವ ಜಿಆರ್‌ಇಯಲ್ಲಿ ಕಡಿಮೆ ಅಂಕ ಬಂದಿದೆ, ಕೋಚಿಂಗ್ ಬೇಡ, ಸ್ವಂತ ಓದಿ ಮತ್ತೆ ಬರೀತೀನಿ ಅನ್ನುವವರು ಪರೀಕ್ಷೆ ನಡೆಸುವ ಇಟಿಎಸ್‌ನ ಪ್ರಶ್ನೆಗಳು ಮತ್ತು ಒಂದು ತಪ್ಪಿನ ನೋಟ್‌ಬುಕ್ (ಮಾಡಿದ ತಪ್ಪುಗಳನ್ನು ಬರೆದಿಡುವ ಪುಸ್ತಕ) ಇಟ್ಟುಕೊಂಡೇ ಶುರು ಮಾಡಿ. ವಿಡಿಯೊ ಪಾಠ, ಬೇರೆಯವರ ಪ್ರಶ್ನೆ ಬ್ಯಾಂಕ್, ಪದಗಳ ಕಾರ್ಡು ಎಲ್ಲವನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ವಿಡಿಯೊ ಪಾಠ ಕೆಟ್ಟದ್ದೇನಲ್ಲ. ಗಣಿತ ಬಿಟ್ಟು ವರ್ಷಗಳಾಗಿದ್ದರೆ ಅನುಪಾತ, ಘಾತ, ಶೇಕಡಾ ಲೆಕ್ಕಗಳನ್ನು ನೆನಪಿಗೆ ತರೋಕೆ ಇದಕ್ಕಿಂತ ಬೇಗದ ದಾರಿ ಇಲ್ಲ. ಆದರೆ ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ, ಅದೇ ಲೆಕ್ಕ ನಾವೇ ಬಿಡಿಸಲು ಕೂತರೆ ಪೆನ್ನು ಮುಂದೆ ಹೋಗೋದಿಲ್ಲ. ಹಾಗಾಗಿ ಲೆಕ್ಕ ಪರದೆ ಮೇಲೆ ಬಂದ ಕೂಡಲೇ ವಿಡಿಯೊ ನಿಲ್ಲಿಸಿ, ಮೊದಲು ನೀವು ಬಿಡಿಸಿ.

ಪ್ರಶ್ನೆ ಬ್ಯಾಂಕ್ ಬಗ್ಗೆ ನನ್ನ ಅಭಿಪ್ರಾಯ ಎರಡು ಥರ ಇದೆ. ಕ್ವಾಂಟ್‌ನಲ್ಲಿ, ಅಂದರೆ ಗಣಿತದ ಭಾಗದಲ್ಲಿ, ಕೈ ಪಳಗಿಸೋಕೆ ಪರವಾಗಿಲ್ಲ. ವರ್ಬಲ್‌ಗೆ, ಅಂದರೆ ಇಂಗ್ಲಿಷ್ ಭಾಗಕ್ಕೆ, ಬೇಡವೇ ಬೇಡ. ಇಟಿಎಸ್‌ನ ಪ್ರಶ್ನೆಯಲ್ಲಿ ಖಾಲಿ ಜಾಗಕ್ಕೆ ಯಾವ ಪದ ಬರಬೇಕು ಅನ್ನುವ ಸುಳಿವು ಆ ವಾಕ್ಯದೊಳಗೇ ಇರುತ್ತದೆ. ನಾನು ದುಡ್ಡು ಕೊಟ್ಟು ತಗೊಂಡ ಬ್ಯಾಂಕಿನಲ್ಲಿ ಎಷ್ಟೋ ಸಲ ಎರಡು ಆಯ್ಕೆಗಳೂ ಹೊಂದುತ್ತಿದ್ದವು. ಅಂಥದ್ದರಲ್ಲಿ ಅಭ್ಯಾಸ ಮಾಡಿದರೆ ಸುಳಿವು ಹುಡುಕುವ ಗುಣವೇ ಹಾಳಾಗುತ್ತದೆ.

ನನ್ನ ಅಂಕ ನಿಜವಾಗಿ ಏರಿದ್ದು ತಪ್ಪಿನ ನೋಟ್‌ಬುಕ್‌ನಿಂದ. ಒಂದು ಉದಾಹರಣೆ ನೋಡಿ. ಎ ಕಡೆ ಎಕ್ಸ್‌ನ ವರ್ಗ, ಬಿ ಕಡೆ ಬರೀ ಎಕ್ಸ್. ಎಕ್ಸ್ ಸೊನ್ನೆಗಿಂತ ಜಾಸ್ತಿ ಅಂತ ಮಾತ್ರ ಕೊಟ್ಟಿದ್ದಾರೆ. ಯಾವುದು ದೊಡ್ಡದು? 2 ಹಾಕಿ, 3 ಹಾಕಿ, ಎ ಅಂತ ಗುರುತು ಮಾಡಿ ಮುಂದೆ ಹೋಗೋದು ಸುಲಭ. ಆದರೆ 1 ಹಾಕಿದರೆ ಎರಡೂ ಸಮ, ಅರ್ಧ ಹಾಕಿದರೆ ಬಿ ದೊಡ್ಡದು. ಅಂದರೆ ಹೇಳೋಕೆ ಆಗಲ್ಲ ಅನ್ನುವುದೇ ಸರಿ ಉತ್ತರ. ಇದನ್ನು ನೋಟ್‌ಬುಕ್‌ನಲ್ಲಿ 'ಅವಸರದ ತಪ್ಪು' ಅಂತ ಬರೆದರೆ ಏನೂ ಪ್ರಯೋಜನ ಇಲ್ಲ. 'ಪೂರ್ಣಾಂಕ ಅಂತ ಹೇಳಿಲ್ಲ, 1 ಮತ್ತು ಭಿನ್ನರಾಶಿ ಹಾಕಿ ನೋಡು' ಅಂತ ಬರೆಯಿರಿ, ಮುಂದಿನ ಸಲ ಕೈ ತಾನಾಗೇ ಅದನ್ನು ಮಾಡುತ್ತದೆ. ವಾರ ಬಿಟ್ಟು ಅದೇ ಲೆಕ್ಕವನ್ನು ಉತ್ತರ ನೋಡದೆ ಮತ್ತೆ ಬಿಡಿಸಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಹೊಸದಾಗಿ ನೂರು ಲೆಕ್ಕ ಮಾಡೋದಕ್ಕಿಂತ ಇದರಿಂದ ಸಿಗೋದು ಜಾಸ್ತಿ.

ಪದಗಳ ಕಾರ್ಡು ದಿನಾ ಸ್ವಲ್ಪ ಸಾಕು. ಹಿಂಬದಿಯಲ್ಲಿ ಬರೀ ಅರ್ಥ ಬರೆಯಬೇಡಿ, ಪದ ಸಿಕ್ಕಿದ ವಾಕ್ಯವನ್ನೂ ಬರೆಯಿರಿ. ಮೂರು ಖಾಲಿ ಜಾಗದ ಪ್ರಶ್ನೆಯಲ್ಲಿ ಎರಡು ಸರಿಯಾಗಿ ಒಂದು ತಪ್ಪಿದರೂ ಅಂಕ ಸೊನ್ನೆ, ಹಾಗಾಗಿ ವಾಕ್ಯದ ಧಾಟಿ ಹಿಡಿಯಲೇಬೇಕು. ಪರೀಕ್ಷೆಯಲ್ಲಿ ಬರೆಯಬೇಕಾದ ಪ್ರಬಂಧ ಒಂದೇ, 30 ನಿಮಿಷ. ವಿಷಯಗಳ ಪಟ್ಟಿಯನ್ನು ಇಟಿಎಸ್ ಮೊದಲೇ ಕೊಟ್ಟಿರುತ್ತದೆ, ಕೆಲವನ್ನು ಗಡಿಯಾರ ಇಟ್ಟುಕೊಂಡು ಬರೆದು ನೋಡಿ.

ಮಾಕ್ ಟೆಸ್ಟ್‌ನಲ್ಲಂತೂ ಇಟಿಎಸ್‌ನದೇ ಆದ ಪವರ್‌ಪ್ರೆಪ್‌ಗೆ ಸಾಟಿ ಇಲ್ಲ. ಎರಡು ಉಚಿತ, ಪರದೆ ಮತ್ತು ಕ್ಯಾಲ್ಕುಲೇಟರ್ ಕೂಡ ನಿಜವಾದ ಪರೀಕ್ಷೆಯಂತೆಯೇ. ಒಂದು ಶುರುವಿನಲ್ಲಿ ಬರೆಯಿರಿ, ಇನ್ನೊಂದನ್ನು ಕೊನೆಗೆ ಉಳಿಸಿಕೊಳ್ಳಿ. ಬೇರೆ ಕಂಪನಿಯ ಮಾಕ್‌ಗಳು ಸಮಯದ ಅಭ್ಯಾಸಕ್ಕೆ ಸರಿ, ಅವು ತೋರಿಸುವ ಅಂಕ ನಂಬಬೇಡಿ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ 1 ಗಂಟೆ 58 ನಿಮಿಷಕ್ಕೆ ಇಳಿದಿದೆ, ಹಳೇ ಮಾದರಿಯ ಮಾಕ್ ಸಿಕ್ಕರೆ ಸುಮ್ನೆ ಸುಸ್ತು. ಈಗ ಕ್ವಾಂಟ್‌ನಲ್ಲಿ ಮೊದಲು 21 ನಿಮಿಷಕ್ಕೆ 12 ಪ್ರಶ್ನೆ, ಆಮೇಲೆ 26 ನಿಮಿಷಕ್ಕೆ 15. ಮೊದಲ ಭಾಗ ಹೇಗೆ ಮಾಡಿದ್ದೀರಿ ಅನ್ನೋದರ ಮೇಲೆ ಎರಡನೆಯದರ ಕಷ್ಟ ನಿರ್ಧಾರವಾಗುತ್ತದೆ. ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಒಂದೂ ಖಾಲಿ ಬಿಡಬೇಡಿ.

ನಿಯಮದ ಪ್ರಕಾರ 21 ದಿನ ಕಳೆದರೆ ಮತ್ತೆ ಬರೆಯಬಹುದು, 12 ತಿಂಗಳಲ್ಲಿ ಐದು ಸಲದವರೆಗೆ. ಆದರೆ ಕ್ವಾಂಟ್ 150ಕ್ಕಿಂತ ಕೆಳಗಿದ್ದರೆ 21ನೇ ದಿನಕ್ಕೇ ದಿನಾಂಕ ಕಾಯ್ದಿರಿಸಬೇಡಿ. ನೋಟ್‌ಬುಕ್‌ನಲ್ಲಿ ಒಂದೇ ಥರದ ತಪ್ಪು ಮತ್ತೆ ಮತ್ತೆ ಬರೋದು ನಿಂತ ಮೇಲೆ ಕಾಯ್ದಿರಿಸಿ.